ಅಂಚೆ ಮತ

ಬೆಳಿಗ್ಗೆ ಒಂಬತ್ತೂ ಕಾಲು.
ಗುತ್ತಲು ರಸ್ತೆಯ ನಮ್ಮ ಮನೆ ಟೀವಿಯಲ್ಲಿ
ಇಂಗ್ಲೆಂಡು ಅರ್ಧ ನೀಲಿ, ಅರ್ಧ ಹಳದಿ.
ಅಣ್ಣ ಪಂಚೆ ಎತ್ತಿ ಕಟ್ಟಿ ಎದ್ದು ನಿಂತ:
"ಗೆದ್ದೋ ಕನಮ್ಮಿ!"
ಒಳಗೆ ಅತ್ತಿಗೆ ಹಿಟ್ಟಿನ ಕೋಲು ಕೆಳಗಿಡಲಿಲ್ಲ.
ತಿರುವುತ್ತಲೇ ಇದ್ದಳು,
ಗಂಟೆಲ್ಲ ಒಡೆದ ಮೇಲೂ.

ಮೂವತ್ತೊಂದು ವರ್ಷದಿಂದ ಕೊವೆಂಟ್ರಿಯಲ್ಲಿ ಬಸ್ಸು ಓಡಿಸುವ
ನಿಂಗರಾಜು ನನ್ನ ಒಡಹುಟ್ಟಿದವನು.
ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ
ಅವನ ಮುರಿದ ಕಾಲಿಗೆ ಪಟ್ಟಿ ಕಟ್ಟಿದವಳು ಸೆಲೀನ.
ಆಗ ಎರಡು ಮನೆಯವರೂ ಸೇರಿ, ಪೆಟ್ಟಿಗೆಯಿಲ್ಲದೆ,
ಚೀಟಿಯಿಲ್ಲದೆ, ಒಂದೇ ಬಾಯಲ್ಲಿ
ತೀರ್ಪು ಕೊಟ್ಟಿದ್ದೆವು: ನಡೀರಿ ಆಚೆಗೆ.
ನಾನೂ ಕೈ ಎತ್ತಿದ್ದೆ. ಹತ್ತೊಂಬತ್ತು ವರ್ಷ ನನಗೆ.
ಅದನ್ನು ಅವಳು ಒಮ್ಮೆಯೂ ಎತ್ತಿ ಆಡಿಲ್ಲ.

"ನಮ್ ಸುಬ್ಬಿ ಮಗ ಮೂರು ಸಲ ವೀಸಾಕ್ಕೆ ಹಾಕ್ದ,
ಮೂರು ಸಲವೂ ಮುಚ್ಚಿದ್ರು ಬಾಗ್ಲ.
ಇವ್ರು ಮಾತ್ರ ಮದ್ದೂರಿಂದ ಮಂಡ್ಯಕ್ಕೆ ಬಂದಂಗೆ ಬರ್ತಾವ್ರೆ!"

"ನಾಲ್ಕನೇ ವಾರ್ಡಲ್ಲಿ ರಾತ್ರಿ ಮೂರು ಗಂಟೆಗೆ
ಮುದುಕರ ಮಗ್ಗುಲು ತಿರುಗಿಸೋಳು ಪೋಲೆಂಡಿನ ಮಾರ್ತಾ.
ಬಸ್‌ಸ್ಟಾಪಲ್ಲಿ ನಿಂತು 'ನಿಮ್ಮೂರಿಗೆ ಹೋಗಿ' ಅಂತ ಕೂಗೋನು
ಪೋಲೆಂಡಾ ಮಂಡ್ಯವಾ ಅಂತ
ಊರ ಹೆಸರು ಕೇಳ್ಕೊಂಡು ಕೂಗ್ತಾನಾ?"

ಆಮೇಲೆ ಮಾತು ನಿಂತಿತು.
ಇದ್ದದ್ದು ನನ್ನ ಮೂಲಕ.
"ನಿಮ್ಮಣ್ಣಂಗೆ ಹೇಳಿ, ಬೀಪಿ ಮಾತ್ರೆ ನುಂಗಕ್ಕೆ."
"ನಿಮ್ಮತ್ತಿಗೇಗೆ ಹೇಳು, ನುಂಗಾಯ್ತು."
ಮೂರು ಹೆಜ್ಜೆ ದೂರದಲ್ಲಿ ಇಬ್ಬರೂ,
ನಡುವೆ ನಾನು, ಕಾಫಿ ಲೋಟ ಹಿಡಿದ ಅಂಚೆಯವಳು.

ಮೂರನೆಯ ದಿನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತ ಕೇಳಿದಳು:
"ಊರಿಂದ ಹೊರಡೋ ಮುಂಚೆ ಮೇಜಿನ ಮೇಲೆ ಕೂತು
ಪೆನ್ಸಿಲಲ್ಲಿ ಗುರುತು ಹಾಕಿದ್ವಿ ಇಬ್ರೂ.
ಪೆಟ್ಟಿಗೆಗೆ ಹಾಕಿ ಬನ್ನಿ ಅಂತ ನನ್ನ ಲಕೋಟೆನೂ
ಅವರ ಕೈಲಿ ಕೊಟ್ಟೆ.
ಹಾಕಿರ್ತಾರಾ?"
ಪೆನ್ಸಿಲಲ್ಲಾ, ಅಂದೆ ನಾನು.
ಬೇರೇನೂ ತೋಚಲಿಲ್ಲ.

ಹದಿಮೂರು ಚುನಾವಣೆಯಲ್ಲಿ ಮೇಷ್ಟ್ರು ಕೆಲಸ ಬಿಟ್ಟು
ಮತಗಟ್ಟೆಯಲ್ಲಿ ಕೂತವಳು ನಾನು.
ಕೆರಗೋಡಿನ ಶಾಲೆಯಲ್ಲಿ, ಬಸರಾಳಿನ ಪಂಚಾಯ್ತಿ ಕಟ್ಟೆಯಲ್ಲಿ
ಸಾವಿರ ಸಾವಿರ ಉಗುರಿಗೆ ಶಾಯಿ ಎಳೆದಿದ್ದೇನೆ.
ಗಂಡನ ಕಣ್ಣು ತಪ್ಪಿಸಿ ಒತ್ತುವ ಹೆಂಡತಿಯರನ್ನು,
ಅವರು ಅಟ್ಟೆ ಹಿಂದಿನಿಂದ ಹೊರಬರುವಾಗಿನ ಮುಖವನ್ನು,
ನೋಡಿಯೂ ನೋಡದ ಹಾಗೆ
ಮುಂದಿನ ಕ್ರಮಸಂಖ್ಯೆ ಕೂಗಿದ್ದೇನೆ.

ಹೊರಡುವ ಹಿಂದಿನ ರಾತ್ರಿ
ಬಾಗಿಲ ಹಿಂದಿನ ಮೊಳೆಯಿಂದ ಅವನ ಕೋಟು ತೆಗೆದು
ಇಸ್ತ್ರಿಗೆ ಹಾಸಿದೆ.
ಎಡಗಡೆ ಅಸ್ತರಿನ ಜೇಬು ಬಗ್ಗಲಿಲ್ಲ.
ಬೆರಳಿಗೆ ಸಿಕ್ಕಿದ್ದು
ಉದ್ದನೆಯ ಕಾಗದದ ಅಂಚು, ಅಂಟಿಸಿದ ತುದಿ.
ಅವಳದೋ. ಅವನದೇನೋ.
ಗೆದ್ದೋ ಅಂತ ಕುಣಿದವನು
ಎರಡನ್ನೂ ಹಾಕದೆ ಬಂದನೋ.
ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಕಾಯುತ್ತಿತ್ತು.
ಎಳೆದು ನೋಡಲಿಲ್ಲ. ಅಷ್ಟು ಜಾಗ ಬಿಟ್ಟು
ಉಳಿದದ್ದಕ್ಕೆಲ್ಲ ಇಸ್ತ್ರಿ ಹಾಕಿದೆ.

ಮಂಡ್ಯ ಸ್ಟೇಷನ್ನಿನಲ್ಲಿ
ಫ್ಯಾಕ್ಟರಿ ಕಡೆಯಿಂದ ಬೆಲ್ಲ ಹುಳಿತ ವಾಸನೆ.
ರೈಲು ಹತ್ತು ನಿಮಿಷ ತಡ.
ತೋಳ ಮೇಲಿದ್ದ ಕೋಟನ್ನು ಅತ್ತಿಗೆ ಬಿಡಿಸಿ ಹಿಡಿದಳು.
ಅಂಗೈ ಎಡಗಡೆ ಸವರಿತು, ಅಲ್ಲೇ ನಿಂತಿತು.
ನನ್ನ ಕಡೆ ಒಮ್ಮೆ ನೋಡಿದಳು.
ನಾನು ರೈಲು ಬರುವ ದಿಕ್ಕು ನೋಡಿದೆ.

ಆಮೇಲೆ ಅವನಿಗೆ ತೊಡಿಸಿ
ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದಳು,
ಕೊರಳವರೆಗೆ.
"ಸೆಕೆ ಕನೇ, ಸೆಲೀನ," ಅಂದ ಅಣ್ಣ.
ಆರು ದಿನದಲ್ಲಿ ಅವಳಿಗೇ ಆಡಿದ ಮೊದಲ ಮಾತು.

"ಇರ್ಲಿ ಬುಡಿ," ಅಂದಳು.